ನರಸಾಪುರ, ಗುಬ್ಬಿ, ಪಾವಗಡ ಕಣ್ಣೆದುರೇ ಬೆಳೀತಿವೆ: 12 ವರ್ಷಕ್ಕೆ ದುಡ್ಡು ಹಾಕುವ ವಲಯ ಗುರುತಿಸೋದು ಹೇಗೆ?

ಶಿರಾಗೇಟ್:
ತುಮಕೂರಿನವನು. ತಿಂಗಳಿಗೆ 15,000 ರೂಪಾಯಿ ಉಳಿಸ್ತೀನಿ, 12 ವರ್ಷ ಆ ದುಡ್ಡು ಮುಟ್ಟುವ ಅಗತ್ಯ ಇಲ್ಲ. ಅದರಲ್ಲಿ 10,000 ನಿಫ್ಟಿ 500 ಇಂಡೆಕ್ಸ್ ಫಂಡಿಗೆ (ದೇಶದ 500 ದೊಡ್ಡ ಕಂಪನಿಗಳ ಶೇರು ಇರೋ ಫಂಡ್) ಎಸ್‌ಐಪಿ, ಅಂದ್ರೆ ತಿಂಗಳ ಕಂತಾಗಿ ಹೋಗ್ತಿದೆ. ಮಿಕ್ಕ 5,000 ಹೊಸ ತಂತ್ರಜ್ಞಾನದ ಕಡೆ ಹಾಕಬೇಕು ಅಂತ ಯೋಚನೆ. ಗುಬ್ಬಿ ಹತ್ರ ಹೆಲಿಕಾಪ್ಟರ್ ಕಾರ್ಖಾನೆ, ಪಾವಗಡದಲ್ಲಿ ಸೋಲಾರ್, ಕೋಲಾರದ ನರಸಾಪುರದ ಕಡೆ ಫೋನ್ ಜೋಡಣೆ, ರಸ್ತೆಗೆ ಇಳಿದ್ರೆ ಎಲೆಕ್ಟ್ರಿಕ್ ಆಟೋ. ಇವೆಲ್ಲ ನಮ್ಮ ಸುತ್ತಮುತ್ತಲೇ ಕಾಣ್ತಿವೆ. ಇದರಲ್ಲಿ ಯಾವುದು ನಿಜವಾಗಿ ಬೆಳೆಯೋ ವಲಯ, ಯಾವುದು ಬರೀ ಗದ್ದಲ ಅಂತ ತಿಳಿಯೋ ವಿಧಾನ ಬೇಕು. ಶೇರಿನ ಟಿಪ್ ಬೇಡ. ಯಾವ ಕಾಗದ ಓದಬೇಕು, ಯಾವ ಅಂಕಿ ನೋಡಬೇಕು, ಅಷ್ಟು ಹೇಳಿದ್ರೆ ಸಾಕು.

ಮಾಲೂರು_ಹೆಂಚು:
ಕಾರ್ಖಾನೆ ಕಣ್ಣಿಗೆ ಬಿತ್ತು ಅಂದ ಮಾತ್ರಕ್ಕೆ ಅದರ ಶೇರು ಕೈಗೆ ಸಿಗುತ್ತೆ ಅಂತಲ್ಲ. ಮೊದಲು ಅಲ್ಲಿಂದ ಶುರು ಮಾಡಿ.

ನರಸಾಪುರದ ಐಫೋನ್ ಘಟಕ ಮೊದಲು ವಿಸ್ಟ್ರಾನ್‌ದು, 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡುಕೊಂಡಿತು. ಟಾಟಾ ಎಲೆಕ್ಟ್ರಾನಿಕ್ಸ್ ಶೇರುಪೇಟೆಯಲ್ಲಿ ಇಲ್ಲ. ವೇಮಗಲ್‌ನಲ್ಲಿ ಉಪಗ್ರಹ ಜೋಡಿಸಿದ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್ (ಟಿಸ್ಯಾಟ್-1ಎ, 2024ರ ಏಪ್ರಿಲ್‌ನಲ್ಲಿ ಹಾರಿತು) ಕೂಡ ಪೇಟೆಯಲ್ಲಿ ಇಲ್ಲ. ನರಸಾಪುರದ ಹೋಂಡಾ ಬೈಕ್ ಘಟಕದ ಮಾತೃಸಂಸ್ಥೆಯ ಶೇರು ಬೇಕು ಅಂದ್ರೆ ಟೋಕಿಯೋಗೆ ಹೋಗಬೇಕು. ನೀವು ಕಣ್ಣಾರೆ ಕಂಡ ಬೆಳವಣಿಗೆಯಲ್ಲಿ ಮುಕ್ಕಾಲು ಪಾಲು ಹೀಗೆ ಬಾಗಿಲು ಮುಚ್ಚಿದ ಮನೆ.

ಹಾಗಾಗಿ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಬೆಳೆಯುತ್ತಿರುವ ವಸ್ತು, ಅದನ್ನು ಮಾಡೋರು ಯಾರು, ಅವರು ಎನ್‌ಎಸ್‌ಇ, ಬಿಎಸ್‌ಇ ಶೇರುಪೇಟೆಗಳಲ್ಲಿ ಇದ್ದಾರಾ, ಇದ್ದರೆ ಅವರ ಒಟ್ಟು ಆದಾಯದಲ್ಲಿ ಈ ವಸ್ತುವಿನ ಪಾಲು ಎಷ್ಟು. ನಾಲ್ಕನೆಯದನ್ನೇ ಜನ ಬಿಟ್ಟುಬಿಡ್ತಾರೆ. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ 'ಸೆಗ್ಮೆಂಟ್ ರಿಪೋರ್ಟಿಂಗ್' ಅಂತ ಒಂದು ಪಟ್ಟಿ ಇರುತ್ತೆ, ಅಲ್ಲಿ ಗೊತ್ತಾಗುತ್ತೆ. ಹತ್ತು ವ್ಯಾಪಾರ ಮಾಡುವ ಕಂಪನಿಗೆ ಬ್ಯಾಟರಿಯಿಂದ ಬರೋದು ಶೇಕಡಾ 3 ಆದ್ರೆ, ಬ್ಯಾಟರಿ ಎಷ್ಟು ಬೆಳೆದ್ರೂ ನಿಮ್ಮ ಶೇರು ಮಿಕ್ಕ 97ರ ಹಿಂದೆಯೇ ಹೋಗುತ್ತೆ. ಕೆಜಿಎಫ್‌ನಲ್ಲಿ ಘಟಕ ಇರೋ ಬಿಇಎಂಎಲ್ ತಗೊಳ್ಳಿ: ರಕ್ಷಣೆ, ಗಣಿ ಯಂತ್ರ, ರೈಲು-ಮೆಟ್ರೋ, ಮೂರೂ ಇದೆ. 'ರಕ್ಷಣಾ ವಲಯ' ಅಂತ ಕೊಂಡವನು ಗಣಿ ಯಂತ್ರವನ್ನೂ ಮೆಟ್ರೋ ಬೋಗಿಯನ್ನೂ ಜೊತೆಗೇ ಕೊಂಡಿರ್ತಾನೆ. ನಾಲ್ಕನೇ ಕಾಲಂನಲ್ಲಿ ಶೇಕಡಾ 25ಕ್ಕಿಂತ ಕಮ್ಮಿ ಬಂದ್ರೆ ಆ ಹೆಸರು ಹೊಡೆದು ಹಾಕಿ ಅನ್ನೋದು ನನ್ನ ಲೆಕ್ಕ. ನಿಯಮ ಅಲ್ಲ, ಅಂದಾಜು.

ಇನ್ನು ಗುಬ್ಬಿಯ ವಿಷಯ. ಅಲ್ಲಿ ಹೆಲಿಕಾಪ್ಟರ್ ಮಾಡೋ ಎಚ್‌ಎಎಲ್ ಪೇಟೆಯಲ್ಲಿದೆ, ನಿಜ. ಆದರೆ ದಿನಾಂಕಗಳನ್ನ ಸಾಲಾಗಿ ಇಟ್ಟು ನೋಡಿ. ಬಿದರೆಹಳ್ಳ ಕಾವಲಿನಲ್ಲಿ ಶಂಕುಸ್ಥಾಪನೆ 2016ರ ಜನವರಿ. ಶೇರು ಪೇಟೆಗೆ ಬಂದಿದ್ದು 2018ರ ಮಾರ್ಚ್, 1,215 ರೂಪಾಯಿಗೆ. 2020ರ ಮಾರ್ಚ್‌ನ ಕುಸಿತದಲ್ಲಿ ಅದು ಅರ್ಧಕ್ಕಿಂತ ಕೆಳಗೆ ಹೋಯ್ತು. ಕಾರ್ಖಾನೆ ಉದ್ಘಾಟನೆ 2023ರ ಫೆಬ್ರವರಿ. 156 ಪ್ರಚಂಡ್ ಹೆಲಿಕಾಪ್ಟರುಗಳ 62,700 ಕೋಟಿ ರೂಪಾಯಿ ಒಪ್ಪಂದ 2025ರ ಮಾರ್ಚ್. ಆ ಒಪ್ಪಂದದಲ್ಲೂ ಪೂರೈಕೆ ಶುರುವಾಗೋದು ಮೂರನೇ ವರ್ಷದಿಂದ, ಆಮೇಲೆ ಐದು ವರ್ಷ ಹರಡಿಕೊಂಡಿದೆ. ಪತ್ರಿಕೆಯಲ್ಲಿ '62,700 ಕೋಟಿ' ಓದಿದವನಿಗೆ ಅದು ಇವತ್ತಿನ ಆದಾಯ ಅನ್ಸುತ್ತೆ. ಆರ್ಡರ್ ಬುಕ್ಕನ್ನು (ಕೈಲಿರೋ ಆರ್ಡರುಗಳ ಒಟ್ಟು ಮೊತ್ತ) ವರ್ಷದ ಮಾರಾಟದಿಂದ ಭಾಗಿಸಿ, ಎಷ್ಟು ವರ್ಷದ ಕೆಲಸ ಕೈಲಿದೆ ಅಂತ ನೋಡಿ. ಅದು 7-8 ವರ್ಷ ಬಂದ್ರೆ ಬರೀ ಖುಷಿಪಡೋದಲ್ಲ, 'ಇಷ್ಟನ್ನ ಮಾಡಿ ಮುಗಿಸೋ ಸಾಮರ್ಥ್ಯ ಇದೆಯಾ' ಅಂತಲೂ ಕೇಳಬೇಕು.

ಪಾವಗಡ_ಬಿಸಿಲು:
ಮೇಲಿನವರು ಹೇಳಿದ್ದಕ್ಕೆ ಸೋಲಾರ್ ಉದಾಹರಣೆ ಸೇರಿಸ್ತೀನಿ. ವಲಯ ಬೆಳೆಯೋದು ಬೇರೆ, ಆ ವಲಯದಲ್ಲಿ ದುಡ್ಡು ಯಾರ ಕೈಯಲ್ಲಿ ಉಳಿಯುತ್ತೆ ಅನ್ನೋದು ಬೇರೆ.

ಪಾವಗಡದ ಶಕ್ತಿಸ್ಥಳ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ರೈತರ ಜಮೀನು ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಅಂದ್ರೆ ಜಮೀನಿನವರ ಆದಾಯ ಬರೆದಿಟ್ಟ ಆದಾಯ. ವಿದ್ಯುತ್ ಮಾಡುವ ಕಂಪನಿಗೆ 25 ವರ್ಷದ ಖರೀದಿ ಒಪ್ಪಂದ, ದರವೂ ಬರೆದಿಟ್ಟದ್ದೇ. 2016ರಲ್ಲಿ ಪಾವಗಡಕ್ಕೆ ಕೂಗಿದ ದರ ಯೂನಿಟ್‌ಗೆ 4.80ರ ಆಸುಪಾಸು. 2017ರ ಮೇನಲ್ಲಿ ರಾಜಸ್ಥಾನದ ಭಡ್ಲಾಕ್ಕೆ 2.44. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ 1.99. ನಾಲ್ಕೂವರೆ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ! ಸೋಲಾರ್ ಸಾಮರ್ಥ್ಯ ಜೋರಾಗಿ ಬೆಳೀತು, ಆದರೆ ಆ ಬೆಳವಣಿಗೆಯ ಲಾಭ ಹೆಚ್ಚಾಗಿ ಹೋಗಿದ್ದು ಕರೆಂಟು ಕೊಳ್ಳೋರಿಗೆ.

ಪ್ಯಾನಲ್ ಮಾಡೋರಿಗೆ ಬೇರೆ ಕಷ್ಟ. ಜಗತ್ತಿನಲ್ಲಿ ಒಟ್ಟು ಮಾರಾಟ ಎರಡರಷ್ಟಾದಾಗಲೆಲ್ಲ ಪ್ಯಾನಲ್ ಬೆಲೆ ಸುಮಾರು ಶೇಕಡಾ 20 ಇಳಿಯುತ್ತಾ ಬಂದಿದೆ. ಕೊಳ್ಳೋರಿಗೆ ಹಬ್ಬ, ಗೋದಾಮಿನಲ್ಲಿ ಹಳೇ ಸರಕು ಇಟ್ಟವರಿಗೆ ನಷ್ಟ. ಸಾಲದ್ದಕ್ಕೆ ತಂತ್ರಜ್ಞಾನವೂ ಮಗುಚುತ್ತೆ. ಮೋನೋ ಪರ್ಕ್ ಅನ್ನೋ ಬಗೆಯ ಸೆಲ್ ಮಾಡೋ ಯಂತ್ರಗಳ ಸಾಲು ಹಾಕಿ ಅದರ ಸಾಲ ತೀರೋ ಮೊದಲೇ ಹೊಸ ಬಗೆಯ ಟಾಪ್‌ಕಾನ್ ಬಂತು. 2022ರ ಏಪ್ರಿಲ್‌ನಿಂದ ಹಾಕಿದ ಆಮದು ಸುಂಕ (ಆಗ ಪ್ಯಾನಲ್‌ಗೆ ಶೇಕಡಾ 40, ಸೆಲ್‌ಗೆ 25) ಮತ್ತು ಅನುಮೋದಿತ ಮಾದರಿಗಳ ಪಟ್ಟಿ ಇಲ್ಲಿನ ತಯಾರಕರನ್ನು ಕಾಪಾಡಿವೆ. ಹಾಗಾದ್ರೆ ಅವರ ಇವತ್ತಿನ ಲಾಭದಲ್ಲಿ ಕಾರ್ಖಾನೆಯ ಜಾಣ್ಮೆ ಎಷ್ಟು, ಸುಂಕದ ಗೋಡೆಯ ಕೊಡುಗೆ ಎಷ್ಟು? ಇದಕ್ಕೆ ಉತ್ತರ ಸಿಗದಿದ್ರೆ ಆ ಶೇರಿಗೆ 12 ವರ್ಷದ ನಂಬಿಕೆ ಇಡಬೇಡಿ.

ತಂತಿ ಎಳೆಯೋರ ಕಥೆ ಇನ್ನೊಂದು. ಪ್ರಸರಣ ಮಾರ್ಗಕ್ಕೆ ಕೇಂದ್ರ ನಿಯಂತ್ರಣ ಆಯೋಗ 2019-24ರ ಅವಧಿಗೆ ಬಂಡವಾಳದ ಮೇಲೆ ಶೇಕಡಾ 15.5 ಪ್ರತಿಫಲ ನಿಗದಿ ಮಾಡಿತ್ತು. ಪ್ಯಾನಲ್ ಯಾರದ್ದೇ ಇರಲಿ, ಕರೆಂಟು ಆ ತಂತಿಯಲ್ಲೇ ಹೋಗಬೇಕು. ನೋಡೋಕೆ ಸಪ್ಪೆ ವ್ಯಾಪಾರ. ಆದರೆ ಹೊಸ ವಲಯ ಹುಡುಕೋವಾಗ ಇಂಥ ಸಪ್ಪೆ ಜಾಗಗಳನ್ನೇ ಮೊದಲು ನೋಡಬೇಕು ಅಂತ ನನ್ನ ವಾದ.

ಗಾಳಿ ವಿದ್ಯುತ್ ಹಳೇ ಪಾಠ. 2008ರ ಮಾರ್ಚ್‌ನಿಂದ 2020ರ ಮಾರ್ಚ್‌ವರೆಗೆ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ ಸುಮಾರು ನಾಲ್ಕು ಪಟ್ಟಾಯ್ತು. 2008ರ ಆರಂಭದಲ್ಲಿ 300 ರೂಪಾಯಿಗಿಂತ ಮೇಲಿದ್ದ, ಗಾಳಿಯಂತ್ರ ಮಾಡುವ ಸುಜ್ಲಾನ್ ಕಂಪನಿಯ ಶೇರು 2020ರ ಮಾರ್ಚ್‌ನಲ್ಲಿ 2 ರೂಪಾಯಿಗೂ ಕೆಳಗೆ. ವಲಯದ ಅಂದಾಜು ತಪ್ಪಿರಲಿಲ್ಲ. 2007ರಲ್ಲಿ ಜರ್ಮನಿಯ ಕಂಪನಿ ಕೊಳ್ಳೋಕೆ ಹೊತ್ತ ಸಾಲದ ಭಾರ, 2012ರ ಅಕ್ಟೋಬರ್‌ನಲ್ಲಿ ವಿದೇಶಿ ಬಾಂಡ್ ಹಣ ಕೊಡೋಕಾಗದೆ ನಿಂತಿದ್ದು, ಅಲ್ಲಿ ಹೊಡೆತ ಬಿತ್ತು.

ವೇಮಗಲ್_ಕ್ರಾಸ್:
ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋ ಬದ್ಲು ವೇಮಗಲ್ ಸುತ್ತ ಒಂದು ಸೈಟ್ ತಗೊಳ್ಳಿ ಗುರು. ಕಂಪನಿ ಯಾವುದೇ ಬರಲಿ, ನೆಲ ಎಲ್ಲಿಗೂ ಹೋಗಲ್ಲ.

ಮಾಲೂರು_ಹೆಂಚು:
ನೆಲ ಹೋಗಲ್ಲ, ದಾಖಲೆಯಲ್ಲಿ ನಿಮ್ಮ ಹೆಸರು ಹೋಗುತ್ತೆ! ಕೈಗಾರಿಕಾ ಪ್ರದೇಶದ ಅಕ್ಕಪಕ್ಕ ಕೊಳ್ಳೋ ಮುಂಚೆ ಆ ಸರ್ವೆ ನಂಬರು ಕೆಐಎಡಿಬಿಯ (ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ಭೂಸ್ವಾಧೀನದ 28(1) ಪ್ರಾಥಮಿಕ ಅಧಿಸೂಚನೆಯಲ್ಲೋ 28(4) ಅಂತಿಮ ಅಧಿಸೂಚನೆಯಲ್ಲೋ ಇದೆಯಾ ನೋಡಿ, ಭೂ ಪರಿವರ್ತನೆ ಆದೇಶ ನೋಡಿ, 11ಇ ನಕ್ಷೆ (ಜಮೀನು ಭಾಗ ಮಾಡೋ ಸರ್ವೆ ನಕ್ಷೆ) ನೋಡಿ. ತಿಂಗಳಿಗೆ 5,000 ಇರೋರಿಗೆ ಇದು ಹೇಗೂ ಹೊಂದಲ್ಲ, ಸೈಟಿನ ಚರ್ಚೆ ಬೇರೆ ಕಡೆ ಇಟ್ಕೊಳ್ಳೋಣ.

ಲೆಕ್ಕದಪುಸ್ತಕ:
'ಯಾವ ಹಂತದಲ್ಲಿದೆ' ಅನ್ನೋದಕ್ಕೆ ಬರ್ತೀನಿ. ಹೊಸ ವಸ್ತು ಮಾರುಕಟ್ಟೆಗೆ ಬಂದು ನೂರಕ್ಕೆ ಒಂದೆರಡು ಗಿರಾಕಿ ಇರೋವರೆಗೆ ಯಾರು ಗೆಲ್ತಾರೆ ಅಂತ ಹೇಳೋಕೆ ಆಗಲ್ಲ. ಹತ್ತಾರು ಕಂಪನಿ ಹುಟ್ಟಿ ಸಾಯೋ ಕಾಲ ಅದು. ನೂರಕ್ಕೆ 5-10 ದಾಟಿದ ಮೇಲೆ, ಅದೂ ಸರ್ಕಾರದ ಸಹಾಯಧನ ಇಳಿಯುತ್ತಾ ಇದ್ರೂ ದಾಟಿದ್ರೆ, ಆಗ ನೋಡೋಕೆ ಶುರು ಮಾಡಿ. 12 ವರ್ಷ ಕಾಯೋರಿಗೆ ಮೊದಲ ಎರಡು ವರ್ಷ ತಪ್ಪಿಸಿಕೊಂಡ್ರೆ ಏನೂ ಮುಳುಗಿಹೋಗಲ್ಲ.

ಎಲೆಕ್ಟ್ರಿಕ್ ವಾಹನವನ್ನೇ ನೋಡಿ. 2024-25ರಲ್ಲಿ ದೇಶದಲ್ಲಿ ನೋಂದಣಿಯಾದ ದ್ವಿಚಕ್ರಗಳಲ್ಲಿ ಎಲೆಕ್ಟ್ರಿಕ್ ಪಾಲು ಸುಮಾರು ಶೇಕಡಾ 6. ತ್ರಿಚಕ್ರಗಳಲ್ಲಿ, ಇ-ರಿಕ್ಷಾ ಸೇರಿಸಿದ್ರೆ, ಅರ್ಧಕ್ಕಿಂತ ಜಾಸ್ತಿ. ಎರಡಕ್ಕೂ ಬ್ಯಾಟರಿ, ಮೋಟಾರೇ. ಆದರೂ ಹಂತ ಬೇರೆ ಬೇರೆ. ಆಟೋ ಓಡಿಸೋರು ದಿನಕ್ಕೆ ಎಷ್ಟು ಉಳೀತು ಅಂತ ಸಂಜೆಗೇ ಲೆಕ್ಕ ಹಾಕ್ತಾರೆ, ಅದಕ್ಕೇ ಅಲ್ಲಿ ಬೇಗ ಆಯ್ತು. ಹೊಸ ತಂತ್ರಜ್ಞಾನ ಮೊದಲು ಹಿಡಿಯೋದು ಇಂಥ ಕಡೆ, ಅಂದ್ರೆ ಗಿರಾಕಿಗೆ ಮೊದಲ ದಿನದಿಂದ ದುಡ್ಡು ಉಳಿಯೋ ಕಡೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಗಣಿಗೆ ಯಂತ್ರ ಓಡಿಸೋ ಖರ್ಚಿನ ಚಿಂತೆ ಇತ್ತು, ಕೊಡೋಕೆ ದುಡ್ಡೂ ಇತ್ತು.

ಸಹಾಯಧನದ ಪರೀಕ್ಷೆ ಇನ್ನೂ ಮುಖ್ಯ. ಎಲೆಕ್ಟ್ರಿಕ್ ವಾಹನಕ್ಕೆ ಕೇಂದ್ರ ಸರ್ಕಾರ ಸಹಾಯಧನ ಕೊಡ್ತಿದ್ದ ಫೇಮ್-2 ಯೋಜನೆಯಲ್ಲಿ 2023ರ ಜೂನ್ 1ರಿಂದ ದ್ವಿಚಕ್ರದ ಸಹಾಯಧನ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 15,000ದಿಂದ 10,000ಕ್ಕೆ ಇಳೀತು, ಮಿತಿ ಕಾರ್ಖಾನೆ ಬೆಲೆಯ ಶೇಕಡಾ 40ರಿಂದ 15ಕ್ಕೆ. ಮೇನಲ್ಲಿ ಒಂದು ಲಕ್ಷ ದಾಟಿದ್ದ ನೋಂದಣಿ ಜೂನ್‌ನಲ್ಲಿ ಅರ್ಧಕ್ಕೂ ಕೆಳಗೆ. ಆಮೇಲೆ ನಿಧಾನವಾಗಿ ಮೇಲೆ ಬಂತು. ಆ ಬಿದ್ದ ತಿಂಗಳಿಗಿಂತ ಎದ್ದು ಬಂದ ತಿಂಗಳುಗಳೇ ನಿಮಗೆ ಬೇಕಾದ ಸುಳಿವು. ಸಹಾಯಧನ ಕಮ್ಮಿಯಾದ್ರೂ ಗಿರಾಕಿ ವಾಪಸ್ ಬಂದ್ರೆ ವಸ್ತು ತನ್ನ ಕಾಲ ಮೇಲೆ ನಿಲ್ಲೋಕೆ ಕಲೀತಿದೆ ಅಂತ ಅರ್ಥ. ಇದರ ಹಿಂದಿರೋ ಕಾರಣ ಬ್ಯಾಟರಿ ಬೆಲೆ: ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಪ್ಯಾಕಿನ ಸರಾಸರಿ ಬೆಲೆ 2023ರಲ್ಲಿ ಕಿಲೋವ್ಯಾಟ್-ಅವರ್‌ಗೆ 139 ಡಾಲರ್, 2024ರಲ್ಲಿ 115.

ಹಸಿರು ಹೈಡ್ರೋಜನ್‌ಗೆ (ಸೋಲಾರ್, ಗಾಳಿ ಕರೆಂಟಿನಿಂದ ನೀರು ಒಡೆದು ಮಾಡೋದು) ಇದೇ ಪರೀಕ್ಷೆ ಹಚ್ಚಿ. 2023ರ ಜನವರಿಯಲ್ಲಿ 19,744 ಕೋಟಿಯ ರಾಷ್ಟ್ರೀಯ ಮಿಷನ್, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಆದರೆ ನೈಸರ್ಗಿಕ ಅನಿಲದಿಂದ ಮಾಡೋ ಹೈಡ್ರೋಜನ್ ಇನ್ನೂ ಅಗ್ಗ. ಸರ್ಕಾರ ಒತ್ತದೆ ತಾನಾಗಿ ಕೊಳ್ಳೋ ಗಿರಾಕಿ ಎಲ್ಲಿ? ಪಟ್ಟಿಯಲ್ಲಿ ಇರಲಿ, ದುಡ್ಡು ಬೇಡ.

ಈಗ ಬೆಲೆ. ಒಳ್ಳೇ ವಲಯ, ಒಳ್ಳೇ ಕಂಪನಿ, ಆದರೂ ದುಡ್ಡು ಆಗದೇ ಇರೋದು ಇಲ್ಲೇ. ಕಂಪನಿಯ ಲಾಭ 100 ಕೋಟಿ, ಪೇಟೆ ಬೆಲೆ 10,000 ಕೋಟಿ, ಅಂದ್ರೆ ಪಿಇ (ಪೇಟೆ ಬೆಲೆ ಲಾಭದ ಎಷ್ಟು ಪಟ್ಟು ಅನ್ನೋದು) 100 ಅಂತ ಇಟ್ಕೊಳ್ಳಿ. ಲಾಭ ಹತ್ತು ವರ್ಷ ಬಿಡದೆ ಶೇಕಡಾ 25 ಬೆಳೆದ್ರೆ 931 ಕೋಟಿ. ಅಷ್ಟು ಹೊತ್ತಿಗೆ ವಲಯ ಹಳೇದಾಗಿ ಪಿಇ 25ಕ್ಕೆ ಬಂದಿರುತ್ತೆ, ಪೇಟೆ ಬೆಲೆ ಸುಮಾರು 23,300 ಕೋಟಿ. ನಿಮ್ಮ ದುಡ್ಡು 2.33 ಪಟ್ಟು, ವರ್ಷಕ್ಕೆ ಶೇಕಡಾ 8.8. ನಡುವೆ ಕಂಪನಿ ಹೊಸ ಶೇರು ಕೊಟ್ಟು ಬಂಡವಾಳ ಎತ್ತಿ ಶೇರುಗಳ ಸಂಖ್ಯೆ ಶೇಕಡಾ 30 ಜಾಸ್ತಿಯಾಗಿದ್ರೆ ಅದೂ 6ಕ್ಕೆ ಇಳಿಯುತ್ತೆ. ಕಂಪನಿಯ ಲಾಭ ಒಂಬತ್ತು ಪಟ್ಟಾಗಿದೆ, ನಿಮಗೆ ಬ್ಯಾಂಕ್ ಎಫ್‌ಡಿ ಲೆಕ್ಕ! ಅದೇ ಕಂಪನಿ, ಅದೇ ಬೆಳವಣಿಗೆ, ಪಿಇ 40ಕ್ಕೆ ಕೊಂಡಿದ್ರೆ (ಶೇರು ಸಂಖ್ಯೆ ಬದಲಾಗದೆ) ವರ್ಷಕ್ಕೆ ಶೇಕಡಾ 19.3. ಕೊಳ್ಳೋ ಮುಂಚೆ ಈ ನಾಲ್ಕು ಸಾಲು ಲೆಕ್ಕ ಪ್ರತಿ ಹೆಸರಿಗೂ ಬರೀರಿ. ಹತ್ತರಲ್ಲಿ ಏಳು ಅಲ್ಲೇ ಉದುರುತ್ತವೆ.

ಶಿರಾಗೇಟ್:
ಎಲ್ಲರಿಗೂ ಥ್ಯಾಂಕ್ಸ್, ಕಣ್ಣು ಬಿಡಿಸಿದ್ರಿ. ಎರಡು ಉಪಪ್ರಶ್ನೆ. ಒಂದು, ಇದೆಲ್ಲ ನೋಡಿದ್ರೆ ನೇರ ಶೇರಿಗಿಂತ ಥೀಮ್ ಫಂಡ್ (ಒಂದೇ ವಲಯದ ಶೇರು ಕೊಳ್ಳೋ ಫಂಡ್) ಮೇಲಾ? ತಿಂಗಳಿಗೊಂದು ಎನ್‌ಎಫ್‌ಒ (ಹೊಸ ಫಂಡಿನ ಮೊದಲ ಮಾರಾಟ) ಬರ್ತಿದೆ, 10 ರೂಪಾಯಿಗೆ ಯೂನಿಟ್ ಅಂತಾರೆ. ಎರಡು, ವಾಟ್ಸಾಪ್‌ನಲ್ಲಿ ಪೇಟೆಗೆ ಬರದ ಕಂಪನಿಗಳ ಶೇರು, 'ಐಪಿಒ (ಶೇರು ಮೊದಲ ಸಲ ಪೇಟೆಗೆ ಬರೋದು) ಮುಂಚೆ ಕೊಡ್ತೀವಿ' ಅಂತ ಮೆಸೇಜ್ ಬರ್ತಾ ಇವೆ.

ನಂದಿ_ತಪ್ಪಲು:
ಎರಡನೆಯದಕ್ಕೆ ಮೊದಲು. ಸಲಹೆ ಕೊಡೋರು ಶೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿರಬೇಕು: ಸಂಶೋಧನಾ ವಿಶ್ಲೇಷಕರ ಸಂಖ್ಯೆ ಐಎನ್‌ಎಚ್ ಅಂತ, ಹೂಡಿಕೆ ಸಲಹೆಗಾರರದ್ದು ಐಎನ್‌ಎ ಅಂತ ಶುರುವಾಗುತ್ತೆ. ಸಂಖ್ಯೆಯನ್ನು ಸೆಬಿ ವೆಬ್‌ಸೈಟಿನಲ್ಲಿ ಹಾಕಿ ಹೆಸರು ತಾಳೆ ನೋಡಿ. ಖಾಸಗಿ ವ್ಯಕ್ತಿಯ ಯುಪಿಐಗೆ ದುಡ್ಡು ಕಳಿಸಿ ಅಂದ್ರೆ ಅಲ್ಲಿಗೇ ಬ್ಲಾಕ್ ಮಾಡಿ. ನಿಜವಾದ ಶೇರೇ ಸಿಕ್ಕಿದ್ರೂ, ಐಪಿಒ ಆದ ಮೇಲೆ ಹಳೇ ಶೇರುದಾರರಿಗೆ ಆರು ತಿಂಗಳು ಮಾರೋಕೆ ಬಿಡಲ್ಲ. ಪೇಟೆಯಲ್ಲಿ ಇಲ್ಲದ ಶೇರನ್ನು 24 ತಿಂಗಳು ಇಟ್ಟರಷ್ಟೇ ತೆರಿಗೆಯಲ್ಲಿ ದೀರ್ಘಾವಧಿ ಲಾಭ, ಪೇಟೆ ಶೇರಿಗಾದ್ರೆ 12 ತಿಂಗಳು ಸಾಕು. ಬೆಲೆ ಎಷ್ಟು ಅಂತ ಹೇಳೋರು ಮಾರೋರೇ.

ಥೀಮ್ ಫಂಡಿನ ವಿಷಯ. ಸೆಬಿ ನಿಯಮದಂತೆ ಕನಿಷ್ಠ ಶೇಕಡಾ 80 ಅದೇ ಥೀಮಿನಲ್ಲಿ ಇರಬೇಕು. ಆ ವಲಯ ದುಬಾರಿ ಆಯ್ತು ಅಂತ ಮ್ಯಾನೇಜರಿಗೆ ಅನ್ಸಿದ್ರೂ ಹೊರಗೆ ಬರೋಕಾಗಲ್ಲ. ಎನ್‌ಎಫ್‌ಒ ಬರೋದೇ ಆ ವಲಯ ಎರಡು ವರ್ಷ ಓಡಿ ಎಲ್ಲರ ಬಾಯಲ್ಲಿ ಇರೋವಾಗ, ಯಾಕಂದ್ರೆ ಆಗಲೇ ಮಾರಾಟ ಸುಲಭ. 10 ರೂಪಾಯಿ ಅನ್ನೋದು ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ, ಅದು ಬರೀ ಶುರುವಿನ ಸಂಖ್ಯೆ. ಒಳಗೆ ಕೊಳ್ಳೋ ಶೇರಿಗೆ ಪೇಟೆ ಬೆಲೆಯೇ. ಕನಿಷ್ಠ ಮೂರು ವರ್ಷದ ಚರಿತ್ರೆ ಇರೋ ಫಂಡ್ ತಗೊಂಡು, ಅದರ ತಿಂಗಳ ಪೋರ್ಟ್‌ಫೋಲಿಯೋ ಪಟ್ಟಿ ಇಳಿಸಿ, ಮೊದಲ ಹತ್ತು ಹೆಸರು ನೋಡಿ. ಅದರಲ್ಲಿ ಏಳು ನಿಮ್ಮ ನಿಫ್ಟಿ 500 ಫಂಡಿನ ದೊಡ್ಡ ಹೆಸರುಗಳೇ ಆಗಿದ್ರೆ, ಅದೇ ಸರಕಿಗೆ ಜಾಸ್ತಿ ಶುಲ್ಕ ಕೊಡ್ತಿದ್ದೀರಿ.

ಶುಲ್ಕ ಅಂದ ಮೇಲೆ, ಡೈರೆಕ್ಟ್ ಪ್ಲಾನೇ (ಏಜೆಂಟ್ ಕಮಿಷನ್ ಇಲ್ಲದ್ದು) ತಗೊಳ್ಳಿ. ತಿಂಗಳಿಗೆ 5,000, 12 ವರ್ಷ, ಶೇಕಡಾ 12 ಬಂತು ಅಂತ ಊಹಿಸಿದ್ರೆ ಸುಮಾರು 16.1 ಲಕ್ಷ, ಶೇಕಡಾ 11 ಆದ್ರೆ 15 ಲಕ್ಷ. ಆ ಒಂದು ಶೇಕಡಾದ ಬೆಲೆ ಒಂದು ಲಕ್ಷಕ್ಕೂ ಮೇಲೆ.

ನೇರ ಶೇರು ಅಂದ್ರೆ ಕೊಳ್ಳೋದಕ್ಕಿಂತ ಮುಂಚೆ ಲೆಕ್ಕಪತ್ರದಲ್ಲಿ ಮೂರು ಕಡೆ ಬೆರಳಿಡಿ. ಐದು ವರ್ಷದ ಲಾಭ ಕೂಡಿಸಿ, ಐದು ವರ್ಷದ ವ್ಯವಹಾರದ ನಗದು ಒಳಹರಿವು ಕೂಡಿಸಿ. ನಗದು ಲಾಭದ ಶೇಕಡಾ 70 ಕೂಡ ಇಲ್ಲ ಅಂದ್ರೆ ಮಾರಾಟ ಕಾಗದದ ಮೇಲಿದೆ, ದುಡ್ಡು ಗಿರಾಕಿ ಹತ್ರ ಇದೆ. ಬರಬೇಕಾದ ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ: ಆ ದಿನಗಳ ಸಂಖ್ಯೆ 60, 90, 130 ಅಂತ ವರ್ಷ ವರ್ಷ ಏರ್ತಿದ್ರೆ ದೂರ ಇರಿ. ಸರ್ಕಾರಿ ಗಿರಾಕಿ ಜಾಸ್ತಿ ಇರೋ ವಲಯಗಳಲ್ಲಿ ಇದು ಹೆಚ್ಚು. ಮೂರನೆಯದು, ಕಟ್ಟುತ್ತಿರುವ ಕಾಮಗಾರಿಯ ಮೊತ್ತ. 2021-22ರಿಂದ ಇದು ಎಷ್ಟು ವರ್ಷ ಹಳೇದು ಅಂತ ಟಿಪ್ಪಣಿಯಲ್ಲಿ ಪಟ್ಟಿ ಕೊಡಲೇಬೇಕು. 'ಹೊಸ ಘಟಕ ಮುಂದಿನ ತ್ರೈಮಾಸಿಕಕ್ಕೆ' ಅಂತ ಹೂಡಿಕೆದಾರರ ಜೊತೆಗಿನ ಫೋನ್ ಸಭೆಯಲ್ಲಿ (ಕಾನ್‌ಕಾಲ್) ಹೇಳ್ತಾನೇ ಇದ್ದು, ಪಟ್ಟಿಯಲ್ಲಿ ಮೂರು ವರ್ಷ ದಾಟಿದ ಮೊತ್ತ ಕೂತಿದ್ರೆ ನಂಬಬೇಕಾದದ್ದು ಪಟ್ಟಿಯನ್ನು.

ಪ್ರಮೋಟರ್ (ಕಂಪನಿಯ ಮುಖ್ಯ ಮಾಲೀಕರು) ತಮ್ಮ ಶೇರು ಅಡ ಇಟ್ಟಿದ್ದಾರಾ ಅನ್ನೋದು ತ್ರೈಮಾಸಿಕ ಶೇರುದಾರರ ಪಟ್ಟಿಯಲ್ಲೇ ಇರುತ್ತೆ, ಎರಡು ನಿಮಿಷದ ಕೆಲಸ.

ಮಾಲೂರು_ಹೆಂಚು:
ಫೋನ್ ಜೋಡಣೆಯ ಕಂಪನಿಗಳಿಗೆ ಇನ್ನೊಂದು ಸೇರಿಸಿ: ಗಿರಾಕಿಗಳ ಸಂಖ್ಯೆ. ಒಬ್ಬನೇ ಗಿರಾಕಿಯಿಂದ ಶೇಕಡಾ 10ಕ್ಕಿಂತ ಜಾಸ್ತಿ ಆದಾಯ ಬಂದ್ರೆ ಸೆಗ್ಮೆಂಟ್ ಟಿಪ್ಪಣಿಯಲ್ಲಿ ಹೇಳಬೇಕು. ಜೋಡಣೆಯಲ್ಲಿ ಮಾರ್ಜಿನ್ ತೀರಾ ಸಣ್ಣದು, ಒಬ್ಬ ದೊಡ್ಡ ಗಿರಾಕಿ ಪಕ್ಕದ ಕಾರ್ಖಾನೆಗೆ ಹೋದ್ರೆ ಕಥೆ ಮುಗೀತು. ಉತ್ಪಾದನೆ ಆಧಾರಿತ ಪ್ರೋತ್ಸಾಹಧನಕ್ಕೂ ಅವಧಿ ಇದೆ. ಲಾಭದಿಂದ ಪ್ರೋತ್ಸಾಹಧನ ಕಳೆದು ಏನು ಉಳಿಯುತ್ತೆ ಅಂತ ನೋಡಿ. 2025ರಲ್ಲಿ ಬಿಡಿಭಾಗಗಳಿಗೆ ಅಂತಲೇ 22,919 ಕೋಟಿಯ ಯೋಜನೆ ಬಂತು, ಹಾಗಾಗಿ ಮುಂದಿನ ಗದ್ದಲ ಸರ್ಕ್ಯೂಟ್ ಬೋರ್ಡ್, ಕ್ಯಾಮೆರಾ ಮಾಡ್ಯೂಲ್ ಕಡೆ ಇರುತ್ತೆ. ಅಲ್ಲಿ ನಿಜವಾದ ಬೇಡಿಕೆ ಎಷ್ಟು ಅಂತ ತಿಳಿಯೋಕೆ ವಾಣಿಜ್ಯ ಸಚಿವಾಲಯದ ಆಮದು ಅಂಕಿ ನೋಡಿ. ಸರಕಿನ ಎಚ್‌ಎಸ್ ಕೋಡ್ (ಆಮದು-ರಫ್ತಿನಲ್ಲಿ ಸರಕು ಗುರುತಿಸೋ ಸಂಖ್ಯೆ) ಹಾಕಿದ್ರೆ ವರ್ಷವಾರು ಸಿಗುತ್ತೆ. ಲಿಥಿಯಂ ಅಯಾನ್ ಬ್ಯಾಟರಿಗೆ 850760, ಸ್ಮಾರ್ಟ್‌ಫೋನಿಗೆ 851713. ಆಮದು ವರ್ಷ ವರ್ಷ ಏರ್ತಿದ್ರೆ ಬೇಡಿಕೆ ಇದೆ, ಇಲ್ಲಿ ಮಾಡೋರಿಗೆ ಜಾಗ ಇದೆ. ಆಮದು ಇಳೀತಾ ರಫ್ತು ಏರ್ತಿದ್ರೆ ಯಾರೋ ಆಗಲೇ ಆ ಜಾಗ ಹಿಡಿದಿದ್ದಾರೆ.

ಶಿರಾಗೇಟ್:
ವಾಹನ ನೋಂದಣಿ ಅಂಕಿ ಜಿಲ್ಲೆವಾರು ಸಿಗುತ್ತಾ? ನಮ್ಮ ಕಡೆ ಹಂತ ಯಾವುದು ಅಂತ ಮೊದಲು ಅದನ್ನೇ ನೋಡೋಣ ಅಂತ.

ಲೆಕ್ಕದಪುಸ್ತಕ:
ಸಿಗುತ್ತೆ. ಕೇಂದ್ರ ಸರ್ಕಾರದ ವಾಹನ ನೋಂದಣಿ ವೆಬ್‌ಸೈಟ್ ವಾಹನ್ ಡ್ಯಾಶ್‌ಬೋರ್ಡ್ ತೆರೆದು ರಾಜ್ಯ ಕರ್ನಾಟಕ, ಆಮೇಲೆ ಆರ್‌ಟಿಒ ಆರಿಸಿ. ತುಮಕೂರು ಕೆಎ-06, ಕೋಲಾರ 07, ಕೆಜಿಎಫ್ 08, ಚಿಕ್ಕಬಳ್ಳಾಪುರ 40. ನಿಮ್ಮ ಜಿಲ್ಲೆಯಲ್ಲಿ ತಿಪಟೂರು 44, ಮಧುಗಿರಿ 64 ಬೇರೆ ಇವೆ, ಸೇರಿಸಿಕೊಳ್ಳೋಕೆ ಮರೀಬೇಡಿ. ಒಂದು ಅಕ್ಷಕ್ಕೆ ವಾಹನದ ವರ್ಗ, ಇನ್ನೊಂದಕ್ಕೆ ಇಂಧನ. ತಿಂಗಳ ಅಂಕಿ ಏರುಪೇರು ಜಾಸ್ತಿ, ಹಬ್ಬದ ತಿಂಗಳಲ್ಲಿ ಎಲ್ಲವೂ ಉಬ್ಬಿರುತ್ತೆ. ಹಾಗಾಗಿ ಮೂರು ತಿಂಗಳು ಕೂಡಿಸಿ ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿ. ತ್ರಿಚಕ್ರದಲ್ಲಿ ಪ್ರಯಾಣಿಕ ಆಟೋ, ಸರಕು ಆಟೋ, ಇ-ರಿಕ್ಷಾ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ, ಇ-ರಿಕ್ಷಾ ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ ಲೆಕ್ಕ ಹಾಕಿ. ಎಕ್ಸೆಲ್ ಇಳಿಸೋ ಗುರುತು ಪಟ್ಟಿಯ ಮೇಲ್ಭಾಗದಲ್ಲೇ ಇದೆ. ಬಂದ ಅಂಕಿ ಇಲ್ಲೇ ಹಾಕಿ, ಎಲ್ಲರೂ ಸೇರಿ ನೋಡೋಣ.